ಗೆಲುವು ಗ್ವಾದಲಿಯಲ್ಲಿ ಕಾಣುತ್ತದೆ

ಚಳಿಗಾಲದಲ್ಲಿ ಚಿಕ್ಕಪಡಸಲಗಿಯ ಹೊಳೆದಂಡೆಗೆ ಬೆಳಕು ನಿಧಾನಕ್ಕೆ ಇಳಿಯುತ್ತದೆ. ಬ್ಯಾರೇಜಿನ ಹಿಂದೆ ನಿಂತ ಕೃಷ್ಣೆಯ ನೀರಿನ ಮೇಲಿಂದ ಮಂಜು ಎದ್ದು ಕಬ್ಬಿನ ಹೊಲದೊಳಗೆ ಹೋಗಿ ಕೂತಿರುತ್ತದೆ. ಅಂಥ ಒಂದು ಮುಂಜಾನೆ, ದೀಪಾವಳಿ ಕಳೆದು ಕೆಲವು ವಾರಗಳಾಗಿದ್ದವು, ಒಬ್ಬ ಹಿರಿಯರು ಕೆಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಹಿಡಿದುಕೊಂಡು ದಂಡೆಯುದ್ದಕ್ಕೂ ನಡೆಯುತ್ತಿದ್ದರು. ಕುದುರೆಯ ಬೆನ್ನ ಮೇಲೆ ಜೀನಿರಲಿಲ್ಲ, ಬಾಯಲ್ಲಿ ಕಬ್ಬಿಣವಿರಲಿಲ್ಲ. ಮುಖಕ್ಕೆ ಒಂದು ಹಗ್ಗದ ಮಕಾಡ, ಅಷ್ಟೇ. ಅವರು ನಿಂತರೆ ಅದೂ ನಿಲ್ಲುತ್ತಿತ್ತು. ಅವರು ನಡೆದರೆ ಒಂದು ಗಳಿಗೆ ಯೋಚಿಸಿ ಅದೂ ನಡೆಯುತ್ತಿತ್ತು.

"ತಂದು ಎಷ್ಟ ದಿನಾ ಆತ್ರಿ ಕಾಕಾ?" ಎಂದು ಕೇಳಿದೆ.

"ಇಪ್ಪತ್ತ ದಿನಾ ಆತು."

"ಹತ್ತಿದ್ರಿ?"

"ಇನ್ನೂ ಇಲ್ಲಪಾ. ಅದು ನನ್ನ ನೋಡಾಕತ್ತೈತಿ, ನಾ ಅದನ್ನ ನೋಡಾಕತ್ತೇನಿ."

ಕುದುರೆ ಕೊಂಡು ಇಪ್ಪತ್ತು ದಿನ ಅದರ ಜೊತೆ ಬರಿಗಾಲಲ್ಲಿ ನಡೆದವರ ಈ ಮಾತು ಮನಸ್ಸಿನಲ್ಲಿ ಉಳಿಯಿತು. ಅಂದಿನಿಂದ ಊರಿಗೆ ಹೋದಾಗಲೆಲ್ಲ ಆ ಕುದುರೆಯನ್ನು ಕಂಡು ಬರುವುದು ನನಗೆ ರೂಢಿಯಾಯಿತು.

ಈ ಊರನ್ನು ನಾಡಿಗೆ ಪರಿಚಯಿಸಿದ್ದು ಇಲ್ಲಿನ ಬ್ಯಾರೇಜು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸುತ್ತಲಿನ ರೈತರು ತಾವೇ ದುಡ್ಡು ಕೂಡಿಸಿ, ತಾವೇ ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ್ದು ಅದು. ಶ್ರಮಬಿಂದು ಸಾಗರ ಎಂಬ ಹೆಸರು ಅದಕ್ಕೆ ಒಪ್ಪುತ್ತದೆ. ನೀರು ನಿಂತ ಮೇಲೆ ಎರೆಹೊಲದಲ್ಲಿ ಕಬ್ಬು ಎದ್ದಿತು, ಮನೆಯ ಮುಂದೆ ಟ್ರ್ಯಾಕ್ಟರು ಬಂತು, ದನದ ಹಟ್ಟಿ ಸಣ್ಣದಾಯಿತು. ಆದರೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಜಾತ್ರೆ ಬಂತೆಂದರೆ ಶರ್ಯತ್ತಿನ ಮಾತು ಬಂದೇ ಬರುತ್ತದೆ. ಜೋಡೆತ್ತಿನ ಗಾಡಿ, ಕುದುರೆ ಗಾಡಿ, ಬರಿಬೆನ್ನ ಮೇಲೆ ಕೂತು ಓಡಿಸುವ ಕುದುರೆ, ಎಲ್ಲಕ್ಕೂ ಹುಚ್ಚು ಹಿಡಿದ ಮಂದಿ ಇದ್ದಾರೆ. ಕುದುರೆ ಸಾಕುವುದರಿಂದ ಇವತ್ತು ಹೊಲಮನೆಗೆ ಆಗುವ ಲಾಭ ಕಡಿಮೆ. ಸಾಕುವವರು ಪ್ರೀತಿಗೆ ಸಾಕುತ್ತಾರೆ.

ಆ ಪ್ರೀತಿ ಈ ನೆಲದಲ್ಲಿ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆ ಏರಿ ಚೆಂಡಾಡುವ ವಾಜಿವಾಹ್ಯಾಳಿ ವಿನೋದಕ್ಕೆ ಒಂದು ಭಾಗವೇ ಮೀಸಲಾಗಿದೆ. ನಮ್ಮ ಭಾಷೆಯೂ ಕುದುರೆಯ ಜೊತೆ ಓಡಾಡಿದೆ. ಹಳಗನ್ನಡದ ಪಲ್ಲಣ ವಚನಗಳ ಕಾಲಕ್ಕೆ ಹಲ್ಲಣವಾಯಿತು, ನಮ್ಮ ಬಾಯಲ್ಲಿ ಜೀನಾಯಿತು. ನಾಲ್ಕೂ ಕಾಲು ಎತ್ತಿ ಓಡುವುದನ್ನು ನಾಗಾಲೋಟ ಎಂದು ಒಂದೇ ಉಸಿರಿನಲ್ಲಿ ಹೇಳಿದವರು ಕುದುರೆಯ ಕಾಲನ್ನು ಕಣ್ಣಿಟ್ಟು ನೋಡಿದವರೇ ಇರಬೇಕು.

ಉತ್ತರಕ್ಕೆ ಭೀಮೆ, ಇಲ್ಲಿ ಕೃಷ್ಣೆ. ಈ ಎರಡು ನದಿಗಳ ಸೀಮೆ ಗಿಡ್ಡ ಕಾಲಿನ, ಗಟ್ಟಿ ಗೊರಸಿನ, ಸ್ವಲ್ಪ ಮೇವಿನಲ್ಲಿ ಬಹಳ ದೂರ ನಡೆಯುವ ಕುದುರೆಗಳಿಗೆ ಹೆಸರಾಗಿತ್ತು. ಭೀಮೆಯ ದಂಡೆಯ ಹೆಸರನ್ನೇ ಹೊತ್ತ ಭೀಮಥಡಿ ಕುದುರೆ ಈಚೆಗೆ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿದೆ. ಮರಾಠ ದಂಡಿನ ಸವಾರರು ನೆಚ್ಚಿದ್ದು ದಖ್ಖನ್ನಿನ ಇಂಥ ಕುದುರೆಗಳನ್ನು. ದಂಡು ಹೋಯಿತು, ಸಂಸ್ಥಾನಗಳು ಹೋದವು, ಕುದುರೆಯನ್ನು ಉಳಿಸಿಕೊಂಡವರು ಕುರಿಗಾರರು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬುತ್ತ ಊರಿಂದ ಊರಿಗೆ ಹೋಗುವ ಹಿಂಡಿನ ಹಿಂದೆ ಇಂದಿಗೂ ಒಂದು ಕುದುರೆ ಕಾಣುತ್ತದೆ. ಅದರ ಬೆನ್ನ ಮೇಲೆ ಕಂಬಳಿ, ಪಾತ್ರೆ, ನಿನ್ನೆ ಹುಟ್ಟಿದ ಕುರಿಮರಿ. ಅದು ಯಾವ ಶರ್ಯತ್ತಿಗೂ ಹೋಗುವುದಿಲ್ಲ, ಆದರೆ ವರ್ಷದಲ್ಲಿ ಅದು ನಡೆಯುವ ದಾರಿಯನ್ನು ಅಳೆದವರಿಲ್ಲ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷಕ್ಕೆ ಇಳಿದಿತ್ತು. ಅದಕ್ಕೂ ಮೊದಲಿನ 2012ರ ಗಣತಿಗೆ ಹೋಲಿಸಿದರೆ ಶೇ 45ಕ್ಕೂ ಹೆಚ್ಚು ಕುಸಿತ. ಹೀಗಿರುವಾಗ ಒಂದು ಹಳ್ಳಿಯಲ್ಲಿ ಒಬ್ಬರು ಹೊಸ ಕುದುರೆ ತಂದು, ಅದಕ್ಕೆ ಪಾಠ ಹೇಳುತ್ತಾರೆಂದರೆ ಹೋಗಿ ನೋಡಲೇಬೇಕಾದ ಸಂಗತಿ.

ಕಾಕಾ ಕುದುರೆಯನ್ನು ಆರಿಸುವಾಗ ಮೊದಲು ಬಾಯಿ ಬಿಡಿಸಿ ನೋಡಿದ್ದರಂತೆ. ಎತ್ತಿಗೆ ಹೇಳುವಂತೆ ಕುದುರೆಗೂ ಬಾಯಿಗೂಡಿರಬೇಕು ಎನ್ನುವುದು ಅವರ ಮಾತು. ಹಾಲುಹಲ್ಲು ಬಿದ್ದು ಮುಂದಿನ ಹಲ್ಲುಗಳೆಲ್ಲ ಗಟ್ಟಿಹಲ್ಲಾಗುವ ಹೊತ್ತಿಗೆ ಕುದುರೆಗೆ ಹೆಚ್ಚುಕಡಿಮೆ ಐದು ವರ್ಷ. ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದೂ ಸುಮಾರು ಆಗಲೇ. ಎರಡು ವರ್ಷದ ಮರಿ ಎತ್ತರಕ್ಕೆ ದೊಡ್ಡ ಕುದುರೆಯಂತೆ ಕಂಡರೂ ಅದರ ಬೆನ್ನಿನೊಳಗೆ ಇನ್ನೂ ಮೆತ್ತಗಿನ ಎಲುಬಿರುತ್ತದೆ. ಆಗ ಅದರ ಮೇಲೆ ಕೂತು ದೂರ ಓಡಿಸಿದರೆ ಅಂದು ಏನೂ ಗೊತ್ತಾಗುವುದಿಲ್ಲ. ಎಂಟನೆಯ ವರ್ಷಕ್ಕೆ ಕುಂಟು ಬಂದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಮೊದಲ ತಿಂಗಳ ಪಾಠವೆಲ್ಲ ಕೈಯದು. ಬೆಳಗ್ಗೆ ಖರಾರದಿಂದ ಮೈ ಉಜ್ಜುವುದು, ಗೋಣಿತಟ್ಟಿನಿಂದ ಬೆನ್ನು ಒರೆಸುವುದು, ಒಂದೊಂದೇ ಕಾಲು ಎತ್ತಿಸಿ ಗೊರಸಿನೊಳಗಿನ ಮಣ್ಣು ತೆಗೆಯುವುದು. ಹಿಂದಿನಿಂದ ಅದರ ಹತ್ತಿರ ಹೋಗುವಂತಿಲ್ಲ. ಕುದುರೆಯ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಅದಕ್ಕೆ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ. ಆದರೆ ನೇರ ಬಾಲದ ಹಿಂದಿನದು ಮತ್ತು ಹಣೆಯ ಮುಂದೆ ತೀರ ಹತ್ತಿರದ್ದು ಕಾಣುವುದಿಲ್ಲ. ಕಾಣದ ಜಾಗದಿಂದ ಬಂದದ್ದು ಅದಕ್ಕೆ ವೈರಿ. ಅದಕ್ಕೇ ಕಾಕಾ ಭುಜದ ಬದಿಯಿಂದ, ಏನಾದರೂ ಮಾತಾಡುತ್ತ ಹೋಗುತ್ತಾರೆ. ಮಾತಿಗೆ ಅರ್ಥವಿರಬೇಕೆಂದಿಲ್ಲ, ದನಿ ದಿನಾ ಒಂದೇ ಇರಬೇಕು.

ಎರಡನೆಯ ತಿಂಗಳು ಭಾರದ ಪಾಠ. ಮೊದಲು ನಾಲ್ಕು ಮಡಿಕೆ ಮಾಡಿದ ಕಂಬಳಿಯೊಂದನ್ನೇ ಬೆನ್ನ ಮೇಲೆ ಹಾಕಿ ನಡೆಸಿದರು. ಆಮೇಲೆ ಹದಿನೇಳು ವರ್ಷದ ಮೊಮ್ಮಗ ಕಟ್ಟೆಯ ಮೇಲೆ ನಿಂತು, ಜೋಳದ ಚೀಲ ಹೇರಿದ ಹಾಗೆ ಹೊಟ್ಟೆ ಕೆಳಗಾಗಿ ಅದರ ಬೆನ್ನ ಮೇಲೆ ಅಡ್ಡ ಮಲಗಿದ. ಕುದುರೆ ಕಿವಿ ಹಿಂದಕ್ಕೆ ಹಾಕಿತು. ಅವನು ಇಳಿದ. ಮರುದಿನ ಮತ್ತೆ ಮಲಗಿದ. ಕಿವಿ ಮುಂದಕ್ಕೆ ಬರುವವರೆಗೆ ಮಲಗುವುದು, ಇಳಿಯುವುದು, ಇಷ್ಟೇ ಕೆಲಸ. ಒಂದು ವಾರದ ಮೇಲೆ ಒಂದು ಕಾಲು ಆಚೆ ಹಾಕಿ ಕೂತ. ಕಾಕಾ ಹಗ್ಗ ಹಿಡಿದು ಹತ್ತು ಹೆಜ್ಜೆ ನಡೆಸಿದರು, ನಿಲ್ಲಿಸಿದರು, ಕುದುರೆಯ ಕುತ್ತಿಗೆ ತಿಕ್ಕಿದರು. ಅಂದಿನ ಪಾಠ ಮುಗಿಯಿತು. ನೋಡಲು ಬಂದಿದ್ದ ಹುಡುಗರು ಬೇಸರಪಟ್ಟು ಮನೆಗೆ ಹೋದರು.

ಬರಿಬೆನ್ನ ಸವಾರಿ ನೋಡುವವರಿಗೆ ಕುದುರೆಯ ಮೇಲಿನ ಪ್ರೀತಿಯಂತೆ ಕಾಣುತ್ತದೆ. ಜೀನಿಲ್ಲ, ಪಟ್ಟಿಯಿಲ್ಲ, ಕುದುರೆಗೆ ಹಗುರ ಎಂದುಕೊಳ್ಳುತ್ತೇವೆ. ನಿಜವಾಗಿ ಒಳ್ಳೆಯ ಜೀನು ಸವಾರನ ಭಾರವನ್ನು ಬೆನ್ನಿನ ಅಗಲಕ್ಕೂ ಹರಡುತ್ತದೆ. ಜೀನಿಲ್ಲದಾಗ ಆ ಭಾರವೆಲ್ಲ ಸವಾರ ಕೂತ ಎರಡು ಎಲುಬುಗಳ ಕೆಳಗೆ ಬಂದು ನಿಲ್ಲುತ್ತದೆ. ಹಾಗಾಗಿ ಬರಿಬೆನ್ನ ಮೇಲೆ ದೂರ ಹೋಗುವವನು ಹಗುರಾಗಿರಬೇಕು, ಮಟ್ಟಸವಾಗಿ ಕೂರಬೇಕು, ಸೊಂಟದ ಕಡೆ ಜಾರದೆ ಹೆಗಲ ದಿಬ್ಬದ ಹಿಂದೆಯೇ ಇರಬೇಕು. ರಿಕಾಪು ಇಲ್ಲದ ಕಾಲು ಸಡಿಲವಾಗಿ ಕೆಳಗೆ ಜೋತಿರಬೇಕು. ಬೀಳುವ ಭಯಕ್ಕೆ ಮೊಣಕಾಲು ಬಿಗಿದರೆ, ಹಿಮ್ಮಡಿ ಒತ್ತಿದರೆ, ಕುದುರೆ ಅದನ್ನು ಓಡು ಎಂಬ ಹುಕುಮೆಂದು ತಿಳಿಯುತ್ತದೆ. ಭಯಪಟ್ಟವನು ಬಿಗಿಯುತ್ತಾನೆ, ಬಿಗಿದಂತೆ ಅದು ಓಡುತ್ತದೆ, ಓಡಿದಂತೆ ಇವನು ಇನ್ನಷ್ಟು ಬಿಗಿಯುತ್ತಾನೆ. ಕೊನೆಗೆ ಬೀಳುವವನು ಕುದುರೆಯನ್ನು ಬೈಯುತ್ತಾನೆ.

ಮೊಮ್ಮಗ ಎರಡು ಸಲ ಬಿದ್ದ. ಎರಡೂ ಸಲ ಲಗಾಮು ಜಗ್ಗಿ ಹಿಡಿದು ಬಿದ್ದ. ಕಾಕಾ ಎಬ್ಬಿಸಿ ಧೂಳು ಝಾಡಿಸಿ ಹೇಳಿದ್ದು ಇಷ್ಟು: "ಅದರ ಬಾಯಿ ಹಿಡದು ನೀ ಕುಂದ್ರಬ್ಯಾಡ ತಮ್ಮಾ. ನಿನ್ನ ಸೊಂಟದ ಮ್ಯಾಲ ನೀ ಕುಂದರು. ಕೈಗೆ ಆಸರಾ ಬೇಕಾದ್ರ ಆಯಾಲು ಹಿಡಕೋ." ಅಂದಿನಿಂದ ಮೂರು ವಾರ ಹುಡುಗನ ಕೈಗೆ ಲಗಾಮು ಕೊಡಲಿಲ್ಲ. ಕಾಕಾ ಹಗ್ಗ ಹಿಡಿದು ಸುತ್ತು ಹಾಕಿಸಿದರು, ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂರುವುದನ್ನು ಕಲಿತ. ಹೊಸ ಕುದುರೆಗೆ ತರಬೇತಿ ಎಂದು ನಾವು ಕರೆಯುವುದರಲ್ಲಿ ಅರ್ಧ, ಸವಾರನ ತರಬೇತಿ.

ಇದರ ನಂತರ ಬಂತು ದೂರದ ಪಾಠ. ಇಲ್ಲಿ ಒಂದು ಸೂಕ್ಷ್ಮವಿದೆ, ಕುದುರೆ ಸಾಕುವ ಪ್ರತಿಯೊಬ್ಬರೂ ತಿಳಿಯಬೇಕಾದದ್ದು. ದಿನಾ ನಡೆಸಿದರೆ ಕುದುರೆಯ ಉಸಿರು ಮತ್ತು ಮಾಂಸಖಂಡ ಕೆಲವು ವಾರಗಳಲ್ಲೇ ಪಳಗುತ್ತವೆ. ಕಾಲಿನ ಸ್ನಾಯುರಜ್ಜುಗಳು, ಎಲುಬು, ಗೊರಸು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು, ಕೆಲವೊಮ್ಮೆ ವರ್ಷವೇ ಬೇಕು. ಎರಡನೆಯ ತಿಂಗಳಿಗೆ ಕುದುರೆಯಲ್ಲಿ ಉಮೇದು ತುಂಬಿರುತ್ತದೆ, ಉಸಿರು ಹತ್ತುವುದಿಲ್ಲ, ತಾನಾಗಿ ಓಡಬೇಕೆನ್ನುತ್ತದೆ. ಹುರುಪಿನ ಎದೆ ಹಸಿಯಾದ ಕಾಲನ್ನು ಎಳೆದುಕೊಂಡು ಹೋಗುವ ಆ ಹೊತ್ತಿನಲ್ಲೇ ಕುದುರೆಗಳು ಕೆಡುವುದು. ಮನುಷ್ಯರ ಮಕ್ಕಳ ವಿಷಯದಲ್ಲೂ ಇದು ಖರೆ. ಬುದ್ಧಿ ಬೇಗ ಓಡುತ್ತದೆ, ಅದನ್ನು ಹೊರುವ ಮನಸ್ಸು ಗಟ್ಟಿಯಾಗಲು ತಡವಾಗುತ್ತದೆ.

ಹಾಗಾಗಿ ಕಾಕಾ ಒಂದು ವಾರಕ್ಕೆ ಒಂದನ್ನೇ ಹೆಚ್ಚಿಸುತ್ತಾರೆ. ದೂರ ಹೆಚ್ಚಿಸಿದರೆ ವೇಗ ಹೆಚ್ಚಿಸುವುದಿಲ್ಲ. ಮೊದಲು ಬರೀ ನಡಿಗೆ, ಆಮೇಲೆ ನಡಿಗೆಯ ನಡುವೆ ಸ್ವಲ್ಪ ಕುಕ್ಕುಲೋಟ. ಕುಕ್ಕುಲೋಟದಲ್ಲಿ ಬರಿಬೆನ್ನ ಸವಾರ ಕುಣಿದು ಕುಣಿದು ಬೀಳುವುದರಿಂದ ಇಬ್ಬರ ಬೆನ್ನಿಗೂ ಪೆಟ್ಟು, ಅದನ್ನು ಉದ್ದ ಎಳೆಯುವುದಿಲ್ಲ. ನೆಲವನ್ನೂ ಬದಲಿಸುತ್ತಾರೆ. ಒಂದು ದಿನ ಹೊಳೆಯ ಉಸುಕು, ಒಂದು ದಿನ ಮಡ್ಡಿಯ ಗರಸು, ಒಂದು ದಿನ ಕಾಲುವೆಯ ಪಕ್ಕದ ಮಣ್ಣುದಾರಿ. ಮಳೆ ಬಿದ್ದ ಎರೆಯಲ್ಲಿ ಹೆಜ್ಜೆಗೊಂದು ಸೇರು ಮಣ್ಣು ಅಂಟುತ್ತದೆ, ಅಂದು ರಜೆ. ಡಾಂಬರು ರಸ್ತೆಯಲ್ಲಿ ನಡಿಗೆಯ ಹೊರತು ಮತ್ತೊಂದಿಲ್ಲ. ದಾರಿಯಲ್ಲಿ ಏರು ಬಂದರೆ, ಬಿಸಿಲು ಏರಿದರೆ, ಹುಡುಗ ಇಳಿದು ಕುದುರೆಯ ಪಕ್ಕ ನಡೆಯಬೇಕು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮಗೆಲ್ಲ ಗೊತ್ತು. ಕಾಕಾ ಕಲಿಸುವ ವಿದ್ಯೆ ಅದಕ್ಕೆ ತಿರುಗುಮುರುಗು, ಕುದುರೆ ಪಕ್ಕದಲ್ಲಿದ್ದರೂ ನಡೆಯಲು ಗೊತ್ತಿದ್ದವನೇ ದೂರ ಹೋಗುತ್ತಾನೆ.

ಈ ಸೀಮೆಯ ಕುದುರೆಗೆ ಇನ್ನೊಂದು ಪಾಠ ಕಡ್ಡಾಯ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಸಾಲುಗಟ್ಟಿ ಫ್ಯಾಕ್ಟರಿಗೆ ಹೋಗುತ್ತವೆ. ಹೊಸ ಕುದುರೆಗೆ ಅದು ಗುಡುಗುವ ಗುಡ್ಡ. ಕಾಕಾ ಮೊದಲ ದಿನ ಅದನ್ನು ರಸ್ತೆಯಿಂದ ದೂರ, ಹೊಲದ ನಡುವೆ ನಿಲ್ಲಿಸಿ ಮೇಯಲು ಬಿಟ್ಟರು. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಹದಿನೈದು ದಿನಕ್ಕೆ ಅದು ರಸ್ತೆಯ ಬದಿಯಲ್ಲಿ ನಿಂತು, ಟ್ರ್ಯಾಕ್ಟರು ಹೋಗುವಾಗ ಕಿವಿಯೊಂದನ್ನು ತಿರುಗಿಸಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಬಡಿದು ಭಯ ಬಿಡಿಸಿದ ಕುದುರೆ ಬಡಿಯುವವನಿಗೆ ಅಂಜುತ್ತದೆ, ಟ್ರ್ಯಾಕ್ಟರಿಗೂ ಅಂಜುತ್ತದೆ. ಹೀಗೆ ಕಲಿತ ಕುದುರೆಗೆ ಅಂಜಿಕೆ ಎರಡೂ ಕಡೆ ಇಳಿಯುತ್ತದೆ.

ನಡೆದು ಬಂದ ಮೇಲೆ ಕಾಕಾ ಅಂಗೈಯನ್ನು ಕುದುರೆಯ ಎಡಮೊಣಕೈಯ ಹಿಂದೆ, ಎದೆಗೆ ಒತ್ತಿ ಹಿಡಿಯುತ್ತಾರೆ. ಸುಮ್ಮನೆ ನಿಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ದೂರದ ಸವಾರಿಯ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ದಾರಿಯ ನಡುವೆ ಕುದುರೆ ನಿಲ್ಲಿಸಿ, ಗೊತ್ತುಮಾಡಿದ ನಿಮಿಷಗಳೊಳಗೆ ಬಡಿತ 64ಕ್ಕೆ ಇಳಿಯಿತೇ ಎಂದು ಪಶುವೈದ್ಯರು ನೋಡುತ್ತಾರೆ. ಇಳಿಯದಿದ್ದರೆ ಮುಂದಿನ ದಾರಿ ಇಲ್ಲ. ಕಾಕಾ ಆ ಲೆಕ್ಕ ಹಾಕುವುದಿಲ್ಲ, ಆದರೆ ಬಡಿತ ಬೇಗ ಇಳಿಯಿತೋ ತಡವಾಯಿತೋ ಅವರ ಅಂಗೈಗೆ ತಿಳಿಯುತ್ತದೆ. ಕುತ್ತಿಗೆಯ ತೊಗಲನ್ನು ಚಿವುಟಿ ಬಿಡುತ್ತಾರೆ. ಮಡಿಕೆ ತಟ್ಟನೆ ಮಾಯವಾದರೆ ಸರಿ, ನಿಂತರೆ ಮೈಯಲ್ಲಿ ನೀರು ಕಡಿಮೆ. ಪಕ್ಕೆಗೆ ಕಿವಿಗೊಟ್ಟು ಹೊಟ್ಟೆಯ ಗುಡುಗುಡು ಕೇಳುತ್ತಾರೆ. ಆ ಸದ್ದು ನಿಂತರೆ ಗಾಬರಿಯಾಗಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹಿಂದೆ ಬರುವಂತಿಲ್ಲ, ಹೊಟ್ಟೆಶೂಲೆ ಅದರ ಜೀವಕ್ಕೇ ಎರವಾಗುತ್ತದೆ. ಅದಕ್ಕೇ ಮೇವು ಬದಲಿಸುವುದಾದರೆ ಹತ್ತು ದಿನದಲ್ಲಿ ಮೆಲ್ಲಮೆಲ್ಲಗೆ ಬದಲಿಸುತ್ತಾರೆ. ಕುದುರೆಯ ಬೆವರಿನಲ್ಲಿ ಉಪ್ಪು ಬಹಳ ಹೋಗುತ್ತದೆ, ಹಾಗಾಗಿ ನೆನೆಸಿದ ಹುರುಳಿಯಲ್ಲಿ ಒಂದು ಚಿಟಿಕೆ ಹೆಚ್ಚೇ ಉಪ್ಪು ಬೀಳುತ್ತದೆ.

ಇಷ್ಟೆಲ್ಲ ಜತನದ ನಡುವೆಯೂ ಒಂದು ದಿನ ತಪ್ಪಾಯಿತು. ಶಿವರಾತ್ರಿಯ ಹೊತ್ತಿನ ಒಂದು ಸಂಜೆ ಗೆಳೆಯರು ಬೈಕು ತಂದು ಮೊಮ್ಮಗನನ್ನು ಹುರಿದುಂಬಿಸಿದರು. ಕಾಕಾ ಊರಲ್ಲಿರಲಿಲ್ಲ. ಹುಡುಗ ಕುದುರೆಯನ್ನು ಡಾಂಬರು ರಸ್ತೆಗೆ ತಂದ, ಹಿಂದೆ ಎರಡು ಬೈಕು ಹಾರ್ನು ಬಡಿಯುತ್ತ ಬಂದವು, ಕುದುರೆ ನಾಗಾಲೋಟ ಬಿಟ್ಟಿತು. ಅದು ಚೆನ್ನಾಗಿಯೇ ಓಡಿತು. ಮೊಬೈಲಿನಲ್ಲಿ ಹಿಡಿದ ವಿಡಿಯೋವನ್ನು ಹುಡುಗರು ರಾತ್ರಿಯೆಲ್ಲ ನೋಡಿದರು. ಮರುದಿನ ನಾನು ಅಲ್ಲಿದ್ದೆ. ಊರಿಗೆ ಮರಳಿದ ಕಾಕಾ ಸೀದಾ ಲಾಯಕ್ಕೆ ಹೋದರು. ಗ್ವಾದಲಿಯಲ್ಲಿ, ಅಂದರೆ ಮೇವು ಹಾಕುವ ತೊಟ್ಟಿಯಲ್ಲಿ, ರಾತ್ರಿ ಹಾಕಿದ ಕಣಿಕೆ ಹಾಗೇ ಇತ್ತು. ಹುರುಳಿ ಮೂಸಿ ಬಿಟ್ಟಿತ್ತು. ಕುದುರೆ ಮುಂಗಾಲೊಂದನ್ನು ಮುಂದಕ್ಕೆ ಚಾಚಿ, ಅದರ ಮೇಲೆ ಭಾರ ಬಿಡದೆ ನಿಂತಿತ್ತು. ಬೆನ್ನು ಮುಟ್ಟಿದರೆ ತೊಗಲು ಅದುರಿ ಕೆಳಗೆ ಕುಸಿಯುತ್ತಿತ್ತು.

ಹುಡುಗ ಬಾಗಿಲಲ್ಲಿ ನಿಂತಿದ್ದ. ಕಾಕಾ ಬೈಯಲಿಲ್ಲ. "ನಿನ್ನೆ ಎಷ್ಟು ಜೋರ ಓಡಿತು ಅನ್ನೂದು ನನಗ ಹೇಳಬ್ಯಾಡ. ಅದನ್ನ ಗ್ವಾದಲಿ ಹೇಳೇತಿ," ಎಂದರು. ಬಕೆಟ್ಟಿನಲ್ಲಿ ತಣ್ಣೀರು ತಂದು ಕಾಲಿಗೆ ಹಾಕತೊಡಗಿದರು. ಸ್ವಲ್ಪ ಹೊತ್ತು ಬಿಟ್ಟು ಹುಡುಗನೂ ಬಂದು ಬಕೆಟ್ಟು ಹಿಡಿದ. ಆ ದಿನದಿಂದ ಆರು ವಾರ ಕುದುರೆಯ ಮೇಲೆ ಯಾರೂ ಕೂರಲಿಲ್ಲ. ಹೊಳೆಯ ನೀರಿನಲ್ಲಿ ನಿಲ್ಲಿಸುವುದು, ಹಿಡಿದು ನಡೆಸುವುದು, ಮತ್ತೆ ಮೊದಲಿಂದ.

ಗ್ವಾದಲಿಯ ಬಗ್ಗೆ ಕಾಕಾ ಹೇಳಿದ ಆ ಒಂದು ಮಾತು ದೊಡ್ಡದು ಎನ್ನುವುದು ನನಗೆ ಆಮೇಲೆ ಹೊಳೆಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ಟೆವಿಸ್ ಕಪ್ ಎಂಬ ದೂರದ ಸವಾರಿ ನಡೆಯುತ್ತಿದೆ. ಬೆಟ್ಟಗಳ ನಡುವೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರು, 24 ಗಂಟೆಯೊಳಗೆ ಮುಗಿಸಬೇಕು. ಮೊದಲು ಬಂದವರಿಗೆ ಕಪ್ ಇದೆ. ಅದರ ಜೊತೆಗೆ 1964ರಿಂದ ಹ್ಯಾಗಿನ್ ಕಪ್ ಎಂಬ ಇನ್ನೊಂದು ಬಹುಮಾನವೂ ಇದೆ. ಮೊದಲ ಹತ್ತು ಕುದುರೆಗಳಲ್ಲಿ ಯಾವುದು ಅತ್ಯಂತ ಆರೋಗ್ಯದಿಂದ, ಮತ್ತೆ ಹೊರಡಲು ತಯಾರಾಗಿ ನಿಂತಿದೆಯೋ ಅದಕ್ಕೆ ಸಲ್ಲುವ ಗೌರವ ಅದು. ಅದನ್ನು ನಿರ್ಣಯಿಸುವುದು ಓಟ ಮುಗಿದ ಮರುದಿನ. ಬಲ್ಲ ಸವಾರರು ಅದನ್ನು ಮೊದಲ ಕಪ್ಪಿಗಿಂತ ಕಡಿಮೆ ಎಂದು ಎಣಿಸುವುದಿಲ್ಲ. ಮಂಗೋಲಿಯಾದ ನಾದಾಮ್ ಹಬ್ಬದಲ್ಲಿ ಹುಲ್ಲುಗಾವಲಿನ ಮೇಲೆ ಹತ್ತಾರು ಕಿಲೋಮೀಟರು ಕುದುರೆ ಓಡಿಸುತ್ತಾರೆ. ಅಲ್ಲಿ ದೊಡ್ಡ ಗೌರವ ಕುದುರೆಗೆ ಮತ್ತು ಅದನ್ನು ಪಳಗಿಸಿದವನಿಗೆ. ಏಳು ಸಮುದ್ರದಾಚೆಯ ಜನ ಬಹುಮಾನ ಇಟ್ಟು ಹೇಳಿದ್ದನ್ನು ಚಿಕ್ಕಪಡಸಲಗಿಯ ಹಿರಿಯರು ಗ್ವಾದಲಿ ತೋರಿಸಿ ಹೇಳಿದರು.

ಬ್ಯಾರೇಜಿನ ಊರಿನವರಿಗೆ ತಾಳ್ಮೆಯಿಂದ ಕೂಡಿಡುವುದು ಹೊಸ ಪಾಠವೇನೂ ಆಗಬೇಕಿಲ್ಲ. ಬೇಸಿಗೆಯಲ್ಲಿ ಬಾಯಾರಿದಾಗ ಗೇಟು ಹಾಕಿದರೆ ನೀರು ಸಿಗುವುದಿಲ್ಲ. ಮಳೆಗಾಲದ ಪ್ರವಾಹ ಇಳಿಯುವ ಹೊತ್ತಿಗೇ ಗೇಟು ಹಾಕಬೇಕು, ಹರಿದು ಹೋಗುವ ನೀರನ್ನು ದಿನದಿನವೂ ತಡೆದು ನಿಲ್ಲಿಸಬೇಕು. ಕುದುರೆಯ ಶಕ್ತಿಯೂ ಹಾಗೇ ಕೂಡಿಟ್ಟ ನೀರು. ನಡಿಗೆಯಲ್ಲಿ, ನಿದ್ದೆಯಲ್ಲಿ, ಮೇವಿನಲ್ಲಿ, ರಜೆಯಲ್ಲಿ ಅದು ಕೂಡುತ್ತದೆ. ಜಾತ್ರೆಗೆ ಎಂಟು ದಿನ ಉಳಿದಾಗ ಬಾರುಕೋಲಿನಿಂದ ಅದನ್ನು ಹುಟ್ಟಿಸಲು ಆಗುವುದಿಲ್ಲ. ಬಾರುಕೋಲು ಇದ್ದದ್ದನ್ನು ಖಾಲಿ ಮಾಡುತ್ತದೆ, ಅಷ್ಟೇ.

ನಮ್ಮ ಶರ್ಯತ್ತುಗಳ ಬಗ್ಗೆ ನನಗೆ ಪ್ರೀತಿಯಿದೆ. ಅವು ನಿಂತರೆ ಹಳ್ಳಿಯಲ್ಲಿ ಉಳಿದ ಕೆಲವೇ ಕುದುರೆಗಳೂ ಕಾಣದಾಗುತ್ತವೆ. ಆ ಪ್ರೀತಿಯಿಂದಲೇ ಕೇಳುತ್ತೇನೆ. ಶರ್ಯತ್ತು ನಡೆಸುವ ಹಿರಿಯರು ಕುದುರೆಯ ಬಾಯಿ ನೋಡಿ ಹಲ್ಲು ಕೂಡದ ಮರಿಯನ್ನು ವಾಪಸು ಕಳಿಸಲಿ. ಡಾಂಬರು ರಸ್ತೆಯನ್ನು ಬಿಟ್ಟು ಮಣ್ಣಿನ ಬಯಲನ್ನು ಆರಿಸಲಿ. ಕುದುರೆಯ ಹಿಂದೆ ಬೈಕು ಬಿಡುವುದನ್ನು ನಿಲ್ಲಿಸಲಿ. ತಾಲ್ಲೂಕಿನ ಪಶುವೈದ್ಯರನ್ನು ವೇದಿಕೆಯ ಮೇಲಿನ ಅತಿಥಿಯಾಗಿ ಕರೆಯುವ ಬದಲು ಗೆರೆಯ ಆಚೆ ನಿಲ್ಲಿಸಲಿ, ಓಡಿ ಬಂದ ಕುದುರೆಯ ಎದೆ, ಬೆನ್ನು, ಕಾಲು ನೋಡಲು ಹೇಳಲಿ. ಬಹುಮಾನದ ಬೆಳ್ಳಿಯಲ್ಲಿ ಒಂದು ಪಾಲು ಮರುದಿನ ಮುಂಜಾನೆ ಆರೋಗ್ಯವಾಗಿ ನಿಂತ ಕುದುರೆಗೆ ಇಡಲಿ. ಇದಕ್ಕೆ ಹೆಚ್ಚು ಖರ್ಚಿಲ್ಲ. ತಾವೇ ಕೂಡಿ ಹೊಳೆಗೆ ಒಡ್ಡು ಕಟ್ಟಿದ ಸೀಮೆಗೆ ಇಷ್ಟು ಮಾಡುವುದು ಅಸಾಧ್ಯವಲ್ಲ.

ಕಾಕಾ ತಮ್ಮ ಕುದುರೆಯನ್ನು ಈ ವರ್ಷದ ಜಾತ್ರೆಗೆ ಕಳಿಸಲಿಲ್ಲ. "ಮುಂದಿನ ವರ್ಷ ನೋಡೂಣಂತ. ಅದಕ ಅವಸರಿಲ್ಲ, ನನಗೂ ಇಲ್ಲ," ಎಂದರು. ಕಳೆದ ವಾರ ಹೋದಾಗ ಹುಡುಗ ಅದನ್ನು ಬರಿಬೆನ್ನ ಮೇಲೆ ಮಡ್ಡಿಯ ತನಕ ನಡೆಸಿಕೊಂಡು ಹೋಗಿ, ಬರುವಾಗ ಅರ್ಧ ದಾರಿ ಇಳಿದು ನಡೆದು ಬಂದ. ಯಾರೂ ಅವನಿಗೆ ಇಳಿ ಎಂದು ಹೇಳಿರಲಿಲ್ಲ. ಮರುದಿನ ಮುಂಜಾನೆ ಗ್ವಾದಲಿ ಬರಿದಾಗಿತ್ತು.

ಈ ಸಲ ನಿಮ್ಮೂರ ಜಾತ್ರೆಯಲ್ಲಿ ಕುದುರೆ ಓಡಿದರೆ, ಮೊದಲು ಬಂದದ್ದು ಯಾವುದೆಂದು ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಆದರೆ ಮರುದಿನ ಒಂದು ಗಳಿಗೆ ಬಿಡುವು ಮಾಡಿಕೊಂಡು ಆ ಕುದುರೆ ಕಟ್ಟಿದ ಜಾಗಕ್ಕೂ ಹೋಗಿ ಬನ್ನಿ. ಗ್ವಾದಲಿ ಬರಿದಾಗಿದ್ದರೆ, ಅದನ್ನು ಪಳಗಿಸಿದವರ ಬೆನ್ನು ತಟ್ಟಿ ಬನ್ನಿ.